ಜಲಾಂತರ್ಗಾಮಿಯ ಕಬ್ಬಿಣದ ಬಾಗಿಲು ಮತ್ತು ನನ್ನ ಪರ್ಸಿನ ವಿಚಾರ

ಓಣಿಯವರೆಲ್ಲ ಕ್ಯಾಪ್ಟನ್ ಮಾವ ಎಂದು ಕರೆಯುವ, ಈ ಸಮುದ್ರದ ಅರ್ಧ ಹಡಗುಗಳನ್ನು ಕೈಯಾರೆ ಕಟ್ಟಿ ನೀರಿಗಿಳಿಸಿದ, 57 ವರ್ಷ ವಯಸ್ಸಿನ, ಪಂಪು ರಿಪೇರಿ ಕಸುಬಿನ, ನೀರಿನ ಟ್ಯಾಂಕಿನ ಹಿಂದಿನ ಓಣಿಯ ಕೊನೆ ಮನೆಯ ವಾಸಿಯಾದ ನಾನು ಠಾಣೆಗೆ ಬಂದು ಹೇಳಿ ಬರೆಸಿದ್ದು ಹೀಗಿದೆ.

ಇಂದು ಬೆಳಿಗ್ಗೆ ಹನ್ನೊಂದಕ್ಕೆ ತಂಗಿಯ ಮಗಳನ್ನು ಕರೆದುಕೊಂಡು ಬಂದರಿನ ಹಡಗು ಮ್ಯೂಸಿಯಮ್ಮಿಗೆ ಹೋದೆನು. ಮರದ ಹಡಗಿನ ಅಸ್ಥಿಪಂಜರ ನಿಲ್ಲಿಸಿರುವ ಕೋಣೆಯಲ್ಲಿ ಹಡಗು ಕಟ್ಟುವ ಬಗೆಯನ್ನು ಅವಳಿಗೆ ವಿವರಿಸುತ್ತಿರಲು ಸುತ್ತ ಶಾಲೆಯ ಮಕ್ಕಳು ಸೇರಿದರು. ಅವರ ಮೇಷ್ಟರೂ ಸೇರಿದರು. ಇದರಿಂದ ನನಗೆ ಹುರುಪು ಬಂತು.

ಅಂಗಳದಲ್ಲಿ ಹಳೆಯ ಜಲಾಂತರ್ಗಾಮಿ ಇದೆ. ಹೊಟ್ಟೆಗೆ ಬಿಗಿಯುತ್ತಿದ್ದ ಕೋಟನ್ನು ಅದರ ಮೊದಲ ಕೋಣೆಯ ಕೊಕ್ಕೆಗೆ ತೂಗುಹಾಕಿದೆನು. ಕಡೆಯ ಕೋಣೆ ಒಬ್ಬ ಮನುಷ್ಯ ನಿಲ್ಲುವಷ್ಟೇ ಇದೆ. ಏನನ್ನೂ ಮುಟ್ಟಬೇಡಿ ಎಂದು ಕಾವಲುಗಾರನು ಹೇಳಿದ್ದು ನಿಜ. ನಾನು ಒಳಹೊಕ್ಕು, ಮುಚ್ಚಿದ ಬಾಗಿಲು ಹೇಗೆ ತೆಗೀತೀನಿ ನೋಡ್ತಾ ಇರಿ ಎಂದು ಹೇಳಿ ಬಾಗಿಲೆಳೆದುಕೊಂಡೆನು. ಅದು ತಾನಾಗಿ ಕಚ್ಚಿಕೊಂಡಿತು. ಬಾಗಿಲಿನ ಚಕ್ರವನ್ನು ಪಂಪಿನ ವಾಲ್ವ್ ತೆರೆಯುವ ಹಾಗೆ ಎಡಕ್ಕೆ ತಿರುಗಿಸಿದೆನು. ಒಳಗಡೆಯಿಂದ ಅದು ಉಲ್ಟಾ ಎಂಬುದು ಹೊಳೆಯಲಿಲ್ಲ. ಬಲಕ್ಕೆ ತಿರುಗಿಸಿ ಯಜಮಾನ್ರೇ ಎಂದು ಕಾವಲುಗಾರನು ಕೂಗಿದನು. ಮೂವತ್ತು ವರ್ಷ ವಾಲ್ವ್ ತಿರುಗಿಸಿದ ಕೈಗೆ ಪಾಠ ಹೇಳ್ಬೇಡ ಎಂದು ಗದರಿಸಿ, ಮೈಭಾರ ಬಿಟ್ಟು ಎಡಕ್ಕೇ ತಿರುಗಿಸಿದೆನು. ಆಮೇಲೆ ಚಕ್ರ ಯಾವ ಕಡೆಗೂ ಅಲುಗಲಿಲ್ಲ. ದೀಪವಿರಲಿಲ್ಲ. ಕೂರಲು ಜಾಗವಿರಲಿಲ್ಲ. ಮೂಗಿನ ಮುಂದೆಯೇ ಕಬ್ಬಿಣ. ಹಡಗು ಕಟ್ಟಿದೋರಿಗೆ ಬಾಗಿಲು ತೆಗೆಯೋಕೆ ಬರಲ್ವಾ ಮಾವಾ ಎಂದು ತಂಗಿಯ ಮಗಳು ಕೇಳಿದ್ದೂ ಮಕ್ಕಳು ಕೇಕೆ ಹಾಕಿದ್ದೂ ಚೆನ್ನಾಗಿ ಕೇಳಿಸಿತು.

ಸುಮಾರು ಒಂದು ಗಂಟೆಯ ನಂತರ ಫಿಟ್ಟರ್ ಬಂದು ಬಾಗಿಲು ಬಿಚ್ಚಿದನು. ಹೋಗಿ ನೋಡಿದರೆ ಕೋಟಿನ ಜೇಬಿನಲ್ಲಿಟ್ಟಿದ್ದ ಪರ್ಸು ಇರಲಿಲ್ಲ. ಜನ ಇನ್ನೂ ನಗುತ್ತಿದ್ದುದರಿಂದ, ಅದರಲ್ಲಿ ಐವತ್ತು ಸಾವಿರವಿತ್ತು ಎಂದು ಕೂಗಿದೆನು. ನಗು ನಿಂತಿತು. ಮ್ಯೂಸಿಯಮ್ಮಿನ ಮೇಲಧಿಕಾರಿ ಕಾವಲುಗಾರನ ಬೀಗದ ಕೈ ಗೊಂಚಲು ಕಿತ್ತುಕೊಂಡು, ದುಡ್ಡು ಸಿಗೋವರೆಗೂ ಕೆಲಸಕ್ಕೆ ಕಾಲಿಡಬೇಡ ಎಂದರು. ಈಗ ಆತನು ಎದುರಿನ ಬೆಂಚಿನ ಮೇಲೆ ಕೂತಿದ್ದಾನೆ. ನನ್ನ ಕಡೆ ನೋಡುತ್ತಿಲ್ಲ.

ಅನುಮಾನ ಯಾರ ಮೇಲೆ ಎಂದು ಸಾಹೇಬರು ಕೇಳಿದ್ದಕ್ಕೆ ಹೇಳುವುದೇನೆಂದರೆ, ಆ ಬಾಗಿಲಿನ ಪಕ್ಕ ಪೈಪು ತೆಗೆದ ತೂತೊಂದಿದೆ. ನಾನು ಒಳಗಿದ್ದಷ್ಟು ಹೊತ್ತೂ ಈ ಕಾವಲುಗಾರನು ಹೊರಗಿನಿಂದ ಅದರೊಳಗೆ ಎರಡು ಬೆರಳು ತೂರಿಸಿ, ಹಿಡ್ಕೊಳ್ಳಿ, ನಾನೆಲ್ಲೂ ಹೋಗಲ್ಲ ಎಂದಿದ್ದನು. ಹಿಡಿದುಕೊಂಡಿದ್ದೆನು. ಒಮ್ಮೆಯೂ ಬಿಡಲಿಲ್ಲ. ಕೋಟು ಇದ್ದದ್ದು ಮೂರು ಕೋಣೆ ಆಚೆ. ಆದಕಾರಣ ಆತನ ಮೇಲೆ ನನ್ನ ದೂರಿಲ್ಲ, ಗೊಂಚಲು ವಾಪಸು ಕೊಡಿಸಬೇಕು. ಐವತ್ತು ಸಾವಿರವನ್ನು ಒಟ್ಟಿಗೆ ನಾನು ಈವರೆಗೆ ಕಂಡವನಲ್ಲ. ಹೋಗಿರುವುದು ಮುನ್ನೂರ ನಲವತ್ತು. ಅದರಲ್ಲೂ ಇನ್ನೂರು ತಂಗಿಯ ಮಗಳದು.

ಬರೆದದ್ದನ್ನು ಓದಿಸಿ ಕೇಳಿದೆನು, ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಬಂದರು ಠಾಣೆ
14ನೇ ತಾರೀಖು, ಶನಿವಾರ
(ಸಹಿ) ಕ್ಯಾಪ್ಟನ್ ಮಾವ, ಪಂಪು ರಿಪೇರಿ