ಚಕ್ರದಡಿಯ ನಿಂಬೆಹಣ್ಣು

ದೇವರ ಮುಂದೆ ದೀಪ ಉರಿಯುತ್ತಿದೆ, ಸುಳ್ಳು ಹೇಳುವ ಹೊತ್ತಲ್ಲ ಇದು. ನನ್ನ ಚಿಕ್ಕಪ್ಪನ ಮಗ ಸಿದ್ದರಾಜುವಿನ ಮನೆಯಲ್ಲಿ ಹೋದ ಕಾರ್ತಿಕದಲ್ಲಿ ನಡೆದದ್ದು.

ಮದ್ದೂರು ತಾಲ್ಲೂಕಿನ ಕೊಪ್ಪದ ಪಕ್ಕದ ನಮ್ಮೂರಿನಲ್ಲಿ ಸೋಮವಾರ ಮಾದಪ್ಪನ ಗುಡಿಯಲ್ಲಿ ಭಜನೆ ಇರುತ್ತದೆ. ಅದು ಮುಗಿದು ನಾನು ಮನೆಗೆ ಹೊರಟಾಗ ಹತ್ತೂವರೆ. ಕಲ್ಲುಬಾವಿ ದಾಟಿದೆ... ಆಗ ಕೇಳಿಸಿತು. ಟಕ್. ಸ್ವಲ್ಪ ಬಿಟ್ಟು... ಟಕ್. ಯಾರೋ ಕತ್ತಲಲ್ಲಿ ಕೂತು ಹಲ್ಲು ಕಡಿದ ಹಾಗೆ.

ಬಾವಿಯ ಆಚೆಗೇ ಸಿದ್ದರಾಜುವಿನ ಶೆಡ್ಡು. ಬಾಗಿಲು ತೆರೆದಿತ್ತು. ಒಳಗೆ ಅವನ ಅಣ್ಣ ಜಯಪ್ರಕಾಶನ ಹಳೇ ಅಂಬಾಸಿಡರ್, ಎಂಟು ವರ್ಷ ಟಾರ್ಪಾಲಿನಡಿ ಮಲಗಿದ್ದ ಕಾರು, ಬಾನೆಟ್ ಎತ್ತಿಕೊಂಡು ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವರ ತಾಯಿ, ನನ್ನ ಚಿಕ್ಕವ್ವ ದೇವಿರಮ್ಮ ಕೂತಿದ್ದಳು. ಕಾಲು ಬಾಳೆದಿಂಡಿನಂತೆ ಊದಿದ್ದವು. ನಿಂತರೆ ನೋವು, ಮಲಗಿದರೆ ಉಸಿರು ಸಿಗದು. ಅದಕ್ಕೇ ಅಲ್ಲಿ ಕೂತಿದ್ದಳು.

ಚಿಕ್ಕವ್ವನಿಗೆ ವಾರಕ್ಕೆ ಮೂರು ಸಲ ಮಂಡ್ಯದಲ್ಲಿ ಡಯಾಲಿಸಿಸ್ ಆಗಬೇಕು. ಕರೆದೊಯ್ಯುತ್ತಿದ್ದ ಆಟೋದವನು ಕೈ ಕೊಟ್ಟು ಶನಿವಾರದ್ದು ತಪ್ಪಿಹೋಗಿತ್ತು. ಇನ್ನೊಂದು ತಪ್ಪಿದರೆ ನಾವು ಹೊಣೆಯಲ್ಲ ಅಂತ ಡಾಕ್ಟರು ಹೇಳಿದ್ದರಂತೆ. ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು.

ಸಿದ್ದರಾಜು ಸಂಜೆಯಿಂದ ಒದ್ದಾಡಿದ್ದ. ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಹಾಕಿದ್ದ. ಎಂಟು ವರ್ಷದ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತಂತೆ, ಚೆಲ್ಲಿ ಹೊಸದು ಸುರಿದಿದ್ದ. ಏರ್ ಫಿಲ್ಟರಿನೊಳಗಿನ ಇಲಿಗೂಡು ಕಿತ್ತು, ಕಚ್ಚಿದ್ದ ವೈರು ಬದಲಿಸಿ, ಪ್ಲಗ್ಗುಗಳನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಟೈರಿಗೆ ಗಾಳಿ ತುಂಬಿದ್ದ. ನನ್ನೆದುರಿಗೇ ಒಂದು ಪ್ಲಗ್ಗು ಹೊರಗೆ ಹಿಡಿದು ತೋರಿಸಿದ. ಚಿಟ್ ಎಂದು ನೀಲಿ ಕಿಡಿ ಹಾರಿತು.

"ಪೆಟ್ರೋಲ್ ಬತ್ತದೆ, ಕಿಡಿ ಬತ್ತದೆ, ಗಾಳಿ ಓಯ್ತದೆ," ಎಂದ ಮೆಲ್ಲಗೆ. "ಇನ್ನೇನ್ ಬೇಕಣ್ಣ ಇದ್ಕೆ, ನನ್ ತಲೆಯಾ?"

ಕೀಲಿ ತಿರುಗಿಸಿದ. ಟಕ್.

ಆಗ ಚಿಕ್ಕವ್ವ ಬಚ್ಚಲಿಗೆ ಹೋಗಬೇಕೆಂದು ಇಳಿದಳು. ನಾನು ತೋಳು ಹಿಡಿದು ಹೊಸಿಲು ದಾಟಿಸಿದೆ. ಹಿಂದೆ... ಗರ್ರ್ರ್. ಇಂಜಿನ್ನು ಮೊದಲ ಕೀಲಿಗೇ ಹೊತ್ತಿಕೊಂಡಿತು. ಸಿದ್ದರಾಜು ನಕ್ಕ. ನಾನು ಮಾದಪ್ಪನಿಗೆ ಕೈ ಮುಗಿದೆ. ಚಿಕ್ಕವ್ವ ವಾಪಸ್ಸು ಬಂದು ಸೀಟಿನಲ್ಲಿ ಕೂತಳು.

ಗಕ್. ನಿಂತುಹೋಯಿತು.

ಇಳಿಸಿದೆವು, ಹೊತ್ತಿತು. ಕೂರಿಸಿದೆವು, ನಿಂತಿತು. ಮೂರು ಸಲ. ಮೂರನೆಯ ಸಲ ಸಿದ್ದರಾಜು ನನ್ನ ಮುಖ ನೋಡಲಿಲ್ಲ.

ಜಯಪ್ರಕಾಶ ಮದ್ದೂರಿನಲ್ಲಿ ಬಾಡಿಗೆಗೆ ಈ ಕಾರು ಓಡಿಸುತ್ತಿದ್ದ. ಚಿಕ್ಕವ್ವ ಗದ್ದೆಯನ್ನು ಚಿಕ್ಕ ಮಗನ ಹೆಸರಿಗೆ ಮಾಡಿದ ದಿನ ಅರಳಿಕಟ್ಟೆಯ ಮುಂದೆ ನಿಂತು ಒಂದು ಮಾತು ಆಡಿದ್ದ, ಊರೆಲ್ಲ ಕೇಳಿದ್ದೆವು. "ನಾನ್ ಸತ್ರೂ ಆ ಮುದ್ಕಿ ನನ್ ಗಾಡಿ ಅತ್ತಬಾರ್ದು." ಆ ವರ್ಷವೇ ಇದೇ ಶೆಡ್ಡಿನಲ್ಲಿ ಎದೆ ಹಿಡಿದುಕೊಂಡು ಸ್ಟೇರಿಂಗಿನ ಮೇಲೆ ಒರಗಿದ. ಏಳಲಿಲ್ಲ.

ಚಕ್ರದ ಬುಡದಲ್ಲಿ ಏನೋ ಕಪ್ಪಗೆ ಕಂಡಿತು. ಬಗ್ಗಿ ನೋಡಿದೆ. ಒಣಗಿದ ನಿಂಬೆಹಣ್ಣುಗಳು, ಅಡಿಕೆಯಂತೆ ಗಟ್ಟಿ. ಒಂದೊಂದು ಚಕ್ರಕ್ಕೆ ಎಂಟೆಂಟು.

"ನಾನೇ ಮಡಗ್ದೆ," ಅಂದಳು ಚಿಕ್ಕವ್ವ. "ವರ್ಸಾವರ್ಸ ಆಯುಧಪೂಜೆಗೆ. ಅವನ್ ಗಾಡಿ, ಪೂಜೆ ತಪ್ಪುಸ್ಬಾರ್ದಲ್ವಾ."

ಭಕ್ತಿಯಿಂದ ಮಾಡಿದ್ದು, ಪಾಪ. ಆದರೆ ಚಕ್ರಕ್ಕೆ ಇಟ್ಟ ಹಣ್ಣು ಒಡೆಯಬೇಕು. ಗಾಡಿ ಹತ್ತಿಸಿ ಒಡೆದರೆ ಅದರಲ್ಲಿರುವ ಕೆಟ್ಟದ್ದು ಬಿಟ್ಟು ಹೋಗುತ್ತದೆ. ಒಡೆಯದೇ ಬಿಟ್ಟರೆ, ಕರೆದು ಕೂರಿಸಿ ಕಳುಹಿಸದೇ ಇದ್ದ ಹಾಗೆ. ಎಂಟು ಸಲ ಕರೆದಿದ್ದಾಳೆ ತಾಯಿ.

ಒಡೆದುಬಿಡೋಣ ಎಂದೆ ನಾನು. ಹೌದು, ನಾನೇ ಹೇಳಿದ್ದು. ವಿಭೂತಿ ಹಚ್ಚಿ, ಮಾದಪ್ಪನ ಹೆಸರು ಹೇಳಿ, ಗೇರು ಬಿಡಿಸಿ ಇಬ್ಬರೂ ಹಿಂದಿನಿಂದ ತಳ್ಳಿದೆವು. ಪಟ್... ಪಟಪಟ... ಒಣ ಹಣ್ಣುಗಳು ಮೂಳೆ ಮುರಿದಂತೆ ಪುಡಿಯಾದವು. ದೂಳು ಎದ್ದಿತು. ಬ್ಯಾಟರಿ ದೀಪದ ಬೆಳಕು ಒಮ್ಮೆ ಅಲ್ಲಾಡಿತು.

ಆ ದೀಪ ಹಿಡಿದು ಮುಂದೆ ನಿಂತಿದ್ದವಳು ಚಿಕ್ಕವ್ವ.

ಹಣ್ಣು ಒಡೆಯುವಾಗ ಚಕ್ರದ ಮುಂದೆ ಜೀವ ಇರಬಾರದು, ಬಿಟ್ಟದ್ದು ಎದುರಿಗೆ ಸಿಕ್ಕವರನ್ನು ಹಿಡಿಯುತ್ತದೆ ಅಂತ ನನ್ನಜ್ಜಿ ಹೇಳುತ್ತಿದ್ದಳು. ನನಗೆ ನೆನಪಾದದ್ದು ಆಗ. ಬಾಯಿಗೆ ಬಂದಿತ್ತು... ಹೇಳಲಿಲ್ಲ. ಮಾದಪ್ಪ ಇದ್ದಾನೆ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ಚಿಕ್ಕವ್ವನನ್ನು ಕೂರಿಸಿ ಸಿದ್ದರಾಜು ಕೀಲಿ ತಿರುಗಿಸಿದ. ಹೊತ್ತಿತು. ನಿಲ್ಲಲಿಲ್ಲ. ಅವನು ಬಾನೆಟ್ಟಿಗೆ ಹಣೆ ಹಚ್ಚಿ ಅತ್ತುಬಿಟ್ಟ.

ಬೆಳಿಗ್ಗೆ ಐದಕ್ಕೆ ಹೊರಟೆವು. ನಾನೂ ಹೋದೆ. ಕಾರು ಒಮ್ಮೆಯೂ ಕೆಮ್ಮಲಿಲ್ಲ. ಕೆರೆ ಏರಿಯ ಮೇಲೆ ಚಿಕ್ಕವ್ವ ಒಮ್ಮೆ, ಹೆಗಲು ಬಗ್ಗಿಸಿಕೊಂಡು, "ಸ್ವಲ್ಪ ಸರ್ಕೊಳ್ಳಪ್ಪ," ಅಂದಳು. ನಾನು ಮುಂದಿನ ಸೀಟಿನಲ್ಲಿದ್ದೆ. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

ಡಯಾಲಿಸಿಸ್‌ಗೆ ಮೊದಲು ತೂಕ ನೋಡುತ್ತಾರೆ. ಅಲ್ಲಿನ ನರ್ಸು ಬಿಂದುಶ್ರೀ, ಒಳ್ಳೆಯ ಹುಡುಗಿ, ಚಿಕ್ಕವ್ವನನ್ನು ತಕ್ಕಡಿಯ ಮೇಲೆ ನಿಲ್ಲಿಸಿದಳು. ಬಗ್ಗಿ ನೋಡಿದಳು. ಇಳಿಸಿದಳು. ಮಿಷನ್ ಕೆಟ್ಟಿರಬೇಕು ಅಂತ ಸಿದ್ದರಾಜುವನ್ನು ಹತ್ತಿಸಿದಳು. ಅರವತ್ತೆರಡು, ಅವನ ತೂಕ ಸರಿಯಾಗಿಯೇ ಇತ್ತು. ಮತ್ತೆ ಚಿಕ್ಕವ್ವನನ್ನು ನಿಲ್ಲಿಸಿದಳು. ಆಮೇಲೆ ಹೋದ ವಾರದ ತೂಕವನ್ನೇ ನೋಡಿ ಬರೆದುಕೊಂಡಳು. ನಲವತ್ತಾರು.

ನಾನು ಪಕ್ಕದಲ್ಲೇ ನಿಂತಿದ್ದೆ. ಕನ್ನಡಕ ಹಾಕಿಕೊಂಡೇ ಇದ್ದೆ. ಮಾದಪ್ಪನ ಪಾದದಾಣೆ... ಮುಳ್ಳು ನೂರಾ ಹದಿನೇಳರಲ್ಲಿತ್ತು.