ಒಂದೇ ಖಾತೆಯ ಎರಡು ಮನೆಗಳು

ನಮ್ಮ ನಾಸಿಕ್ ಕನ್ನಡ ಬಳಗದ ಅಧ್ಯಕ್ಷರಾದ ಸುಬ್ರಹ್ಮಣ್ಯ ಅವರೇ, ಇಂದು ಸನ್ಮಾನ ಸ್ವೀಕರಿಸಲಿರುವ ಶ್ರೀಮತಿ ಮಾಲವಿಕಾ ಅವರೇ, ಪ್ರತಿ ಶನಿವಾರ ಅವರನ್ನು ನಮ್ಮಲ್ಲಿಗೆ ಕಳುಹಿಸಿ ತಾವೇ ಅನ್ನಕ್ಕಿಟ್ಟುಕೊಂಡ ಅವರ ಯಜಮಾನರಾದ ಶಶಾಂಕ್ ಅವರೇ, ಓಝರ್‌ನಿಂದ, ಸಿನ್ನರ್‌ನಿಂದ, ದೂರದ ಘೋಟಿಯಿಂದ ಬಂದಿರುವ ಬಂಧುಗಳೇ, ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿದ್ದರೂ ಕುರ್ಚಿ ಬಿಟ್ಟು ಏಳದ ಸಹನಶೀಲ ಸಭಿಕರೇ,

ಸನ್ಮಾನಿತರನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಅಧ್ಯಕ್ಷರು ನನಗೆ ಹೇಳಿದ್ದಾರೆ. ನಾನು ಮಾತುಗಾರನಲ್ಲ. ಭಾಂಡೆ, ಅಂದರೆ ಪಾತ್ರೆ ಮಾರುವವನು. ಭಾಂಡೆ ಅಂಗಡಿಯಲ್ಲಿ ಸದ್ದು ಮಾಡುವುದು ಭಾಂಡೆ, ಮಾಲೀಕನಲ್ಲ. ಆದರೂ ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂಬುದನ್ನು ಹೇಳುವುದಕ್ಕೇ ಇಷ್ಟು ಹೊತ್ತು ಬೇಕಾಗುತ್ತದೆ, ದಯವಿಟ್ಟು ಕ್ಷಮಿಸಬೇಕು.

ಮಾಲವಿಕಾ ಅವರು ಮೈಸೂರಿನ ಕಡೆಯವರು. ನಾನು ಬೀದರ ಜಿಲ್ಲೆಯ ಬಸವಕಲ್ಯಾಣದವನು. ಅವರ ಕನ್ನಡ ನಮಗೆ ರೇಡಿಯೋದ ವಾರ್ತೆ ಕೇಳಿದ ಹಾಗೆ ಇತ್ತು. ನಮ್ಮ ಕನ್ನಡ ಅವರಿಗೆ ಮೊದಮೊದಲು ಜಗಳ ಕೇಳಿದ ಹಾಗೆ ಇತ್ತಂತೆ. ಹೀಗಿದ್ದೂ ಅವರು ಈ ಸಭಾಂಗಣದಲ್ಲಿ ನಮ್ಮಂಥ ಹಿರಿಯರನ್ನು ಕೂರಿಸಿಕೊಂಡು ಮೊಬೈಲ್ ಪಾಠ ಹೇಳಿದರು. ನಮ್ಮ ಅಧ್ಯಕ್ಷರನ್ನೇ ನೋಡಿ. ಜೀವಮಾನವೆಲ್ಲ ಓಝರ್ ಕಾರ್ಖಾನೆಯಲ್ಲಿ ವಿಮಾನ ಬಿಚ್ಚಿ ಜೋಡಿಸಿದವರು. ಫೋನಿನ ಸಿಮ್ ಹೊರಗೆ ತೆಗೆಯಲು ಪಕ್ಕದವರನ್ನು ಕರೆಯುತ್ತಿದ್ದರು. ಅಧ್ಯಕ್ಷರು ನಗುತ್ತಿದ್ದಾರೆ, ಆದ್ದರಿಂದ ಮುಂದುವರಿಯುತ್ತೇನೆ. ನಮ್ಮ ಗಿರಿಜಮ್ಮನವರು ಪಾಸ್‌ವರ್ಡ್ ಮರೆಯಬಾರದೆಂದು ಅದನ್ನು ಬಳಗದ ಗುಂಪಿಗೇ ಕಳುಹಿಸಿಬಿಟ್ಟಿದ್ದರು. ಇಂಥವರಿಗೆಲ್ಲ ಸಿಟ್ಟಾಗದೆ ಕಲಿಸುವುದು ಸಾಮಾನ್ಯವೇ? ನನ್ನ ಹೆಂಡತಿ ಚನ್ನಮ್ಮನಿಗೆ ನಾನು ಸೈಕಲ್ ಕಲಿಸಲು ಹೋಗಿ ಆ ಸೈಕಲ್ಲನ್ನೇ ಮಾರಿದವನು. ಅದಕ್ಕೇ ಹೇಳುತ್ತಿದ್ದೇನೆ, ಸಾಮಾನ್ಯವಲ್ಲ.

ಕ್ಲೌಡ್ ಎಂದರೇನು ಎಂದು ನಾನು ಕೇಳಿದಾಗ ಅವರು ಕೊಟ್ಟ ಉತ್ತರ ಇವತ್ತಿಗೂ ನೆನಪಿದೆ. "ಅಂಕಲ್, ನಿಮ್ಮ ಅಂಗಡೀಲಿ ಎಲ್ಲಾ ಪಾತ್ರೆ ಇಡೋಕಾಗುತ್ತಾ? ಉಳಿದಿದ್ದು ಗೋದಾಮಿನಲ್ಲಿರುತ್ತಲ್ಲ? ಫೋನು ಅಂಗಡಿ, ಕ್ಲೌಡು ಗೋದಾಮು. ಬೀಗದ ಕೈ ಇರೋರು ಎಲ್ಲಿಂದ ಬೇಕಾದ್ರೂ ತೆಗೆದು ನೋಡಬಹುದು" ಎಂದರು. ವ್ಯಾಪಾರಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವೇ? ಆದರೆ ಅವರಿಗೆ ಆಗ ಗೊತ್ತಿರಲಿಲ್ಲ, ನಮ್ಮ ಗೋದಾಮಿನ ಬೀಗದ ಕೈ ಎರಡು ಮನೆಗಳಲ್ಲಿತ್ತು.

ಇಲ್ಲಿ ಸ್ವಲ್ಪ ನಮ್ಮ ಮನೆತನದ ಮಾತು ಬರುತ್ತದೆ. ಭಾಂಡೆ ಕೊಂಡರೆ ಅದರ ಮೇಲೆ ಹೆಸರು ಕೊರೆಸುವ ಪದ್ಧತಿ ನಿಮಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಮನೆಯ ಹಿರಿಯನ ಹೆಸರನ್ನೇ ಕೊರೆಯುವುದು. ನಮ್ಮ ತಂದೆ ಇರುವತನಕ ಅವರ ಹೆಸರು, ಆಮೇಲೆ ನನ್ನ ಹೆಸರು. ಲೋಟಕ್ಕೂ ನನ್ನ ಹೆಸರು, ಹಂಡೆಗೂ ನನ್ನ ಹೆಸರು. ನಾಸಿಕ್‌ನಲ್ಲಿ ಒಂದು ಅಂಗಡಿ, ಛತ್ರಪತಿ ಸಂಭಾಜಿನಗರದಲ್ಲಿ ಇನ್ನೊಂದು. ಎರಡಕ್ಕೂ ಒಂದೇ ಬೋರ್ಡು, 'ವಿಶ್ವನಾಥಪ್ಪ ಆ್ಯಂಡ್ ಬ್ರದರ್ಸ್'. ವಿಶ್ವನಾಥಪ್ಪ ಎಂದರೆ ನಾನು. ಬ್ರದರ್ಸ್ ಎಂದರೆ ಒಬ್ಬನೇ, ಸಂಭಾಜಿನಗರದ ಅಂಗಡಿ ನೋಡಿಕೊಳ್ಳುವ ನನ್ನ ತಮ್ಮ ಖಂಡಪ್ಪ.

ಒಂದು ದೀಪಾವಳಿಗೆ ಮನೆಯ ನಾಲ್ವರಿಗೂ ಹೊಸ ಫೋನು ಕೊಂಡೆವು. ನನಗೆ, ಚನ್ನಮ್ಮನಿಗೆ, ಖಂಡಪ್ಪನಿಗೆ, ಅವನ ಹೆಂಡತಿ ಲತಾಳಿಗೆ. ಖಾತೆ ಯಾರ ಹೆಸರಲ್ಲಿ ತೆರೆಯಲಿ ಎಂದು ಫೋನಿನ ಅಂಗಡಿಯವರು ಕೇಳಿದರು. "ಎಲ್ಲಾಕ್ಕೂ ಅಣ್ಣಾವ್ರ ಹೆಸರೇ ಹಾಕ್ರಿ, ನಮ್ಮಲ್ಲಿ ಹಂಗೇ ಅದ" ಎಂದವನು ಖಂಡಪ್ಪ. ಇದನ್ನು ಸಭೆ ಗಮನಿಸಬೇಕು. ಹೇಳಿದವನು ನಾನಲ್ಲ. ನಾಲ್ಕು ಫೋನಿಗೂ ನನ್ನ ಹೆಸರಿನ ಒಂದೇ ಖಾತೆ ಆಯಿತು. ಯಾರು ಎಲ್ಲಿ ಫೋಟೋ ತೆಗೆದರೂ ನಾಲ್ವರಿಗೂ ಕಾಣುತ್ತಿತ್ತು. ಅದು ತಪ್ಪು ಎಂದು ನಮಗೆ ಅನ್ನಿಸಲಿಲ್ಲ. ಫೋನು ಇರುವುದೇ ಹಾಗೆ ಅಂದುಕೊಂಡೆವು.

ಆಮೇಲೆ ಖಂಡಪ್ಪನ ಮಗಳು ಅಂಬುಜಾಳ ಮದುವೆ ಬಂತು. ಅವಳಿಗೆ ಕೊಡುವ ಭಾಂಡೆಗೆಲ್ಲ ನಾನೇ ಕೂತು ಹೆಸರು ಕೊರೆದೆ. ಯಾರ ಹೆಸರು? ಪದ್ಧತಿಯಂತೆ ನನ್ನ ಹೆಸರು. ಖಂಡಪ್ಪ ಬೀಗರ ಮುಂದೆ ಒಂದು ಕೊಡ ಎತ್ತಿ ಹಿಡಿದು, "ಅಣ್ಣಾ, ಮಗಳು ನನ್ನಾಕಿ, ಮದಿವಿ ಮಾಡಾಂವ ನಾನು. ಈ ಕೊಡದ ಮ್ಯಾಲ ನನ್ನ ಹೆಸರು ಎಲ್ಲಿ ಅದರಿ?" ಎಂದು ಕೇಳಿದ. ನಾನು, "ಹೆಸರಿನ ಹುಚ್ಚು ನಿನಗ ಯಾವಾಗಿಂದ ಹತ್ತಿತು?" ಎಂದೆ. ಇದರಲ್ಲಿ ಕೆಟ್ಟ ಮಾತು ಏನಿದೆ, ನೀವೇ ಹೇಳಿ. ಆದರೆ ಅವನು ಅಷ್ಟಕ್ಕೇ ಮಾತು ಬಿಟ್ಟ. ಅವನು ಬಿಟ್ಟ ಎಂದು ನಾನೂ ಬಿಟ್ಟೆ. ಹಿರಿಯನಾದವನು ಮೊದಲು ಮಾತಾಡಿದರೆ ಆ ಹಿರಿತನಕ್ಕೆ ಏನು ಉಳಿಯುತ್ತದೆ?

ಬಸವಕಲ್ಯಾಣದಿಂದ ಹಿರಿಯರು ಬಂದು ಪಾಲು ಮಾಡಿದರು. ನಾಸಿಕ್ ಅಂಗಡಿ ನನಗೆ, ಸಂಭಾಜಿನಗರದ್ದು ಅವನಿಗೆ. ಮನೆಯ ಭಾಂಡೆ ಅರ್ಧ ಅರ್ಧ. ಅವನ ಪಾಲಿನ ಭಾಂಡೆಯ ಮೇಲೂ ನನ್ನ ಹೆಸರೇ ಇತ್ತು, ಅದನ್ನು ಅಳಿಸಲು ಬರುವುದಿಲ್ಲವಲ್ಲ. "ಇನ್ನೇನರ ಉಳಿದದೇನ್ರಪಾ?" ಎಂದು ಹಿರಿಯರು ಕೇಳಿದರು. ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತ "ಇಲ್ಲರಿ" ಎಂದೆವು. ಫೋನು ಜೇಬಿನಲ್ಲೇ ಇತ್ತು. ಅದರೊಳಗೂ ಪಾಲು ಮಾಡುವಂಥದ್ದು ಇದೆ ಎಂದು ಹಿರಿಯರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಹೀಗಾಗಿ ಮಾತು ನಿಂತಿತು, ಫೋಟೋ ನಿಲ್ಲಲಿಲ್ಲ. ಮಾರನೆಯ ದಿನವೇ ಬಂತು, ಲತಾ ಮಾಡಿದ ಎಣ್ಣೆಗಾಯಿ ಬದನೆ. ಅಂಬುಜಾ ಬಾಣಂತನಕ್ಕೆ ಬಂದಳು, ಕೂಸಿನ ಫೋಟೋ ಬಂತು. ನಾನು ನೋಡುತ್ತಿದ್ದೆ ಎಂದು ತಿಳಿಯಬೇಡಿ. ಫೋನು ತಾನಾಗಿ ತೋರಿಸುತ್ತಿತ್ತು. ಖಂಡಪ್ಪನಿಗೆ ಮರೆವು. ಅಂಗಡಿ ಬಂದ್ ಮಾಡಿ ಅರ್ಧ ದಾರಿಗೆ ಬಂದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗುವ ಸ್ವಭಾವ. ಅದಕ್ಕಾಗಿ ದಿನಾ ಸಂಜೆ ಶಟರ್ ಎಳೆದ ಮೇಲೆ ಬೀಗದ ಫೋಟೋ ತೆಗೆದುಕೊಳ್ಳುತ್ತಾನೆ. ಆ ಬೀಗ ಇಲ್ಲಿ ನನ್ನ ಫೋನಿಗೆ ಬರುತ್ತಿತ್ತು. ಬೀಗ ಬಂದರೆ ಅವನು ಮನೆಗೆ ಹೊರಟ ಎಂದು ಅರ್ಥ. ಬೀಗ ಬಂದ ಮೇಲೆ ನಾನು ಊಟಕ್ಕೆ ಕೂರುತ್ತಿದ್ದೆ. ಅದೊಂದು ಅಭ್ಯಾಸ, ಅಷ್ಟೇ.

ನಾನೂ ಫೋಟೋ ತೆಗೆಯುತ್ತಿದ್ದೆ. ಡಾಕ್ಟರು ಹೇಳಿದ್ದರಿಂದ ಬಿ.ಪಿ. ನೋಡುವ ಯಂತ್ರ ತಂದಿದ್ದೆ, ದಿನಾ ಅದರ ಅಂಕಿಯ ಫೋಟೋ ತೆಗೆದು ಇಡುತ್ತಿದ್ದೆ. ಒಮ್ಮೆ ಅಂಕಿ ಏರಿತು. ಅವತ್ತೇ ಲತಾ ಚನ್ನಮ್ಮನಿಗೆ ಫೋನು ಮಾಡಿ, "ಅಕ್ಕಾ, ಭಾವನವರಿಗಿ ಉಪ್ಪಿನಕಾಯಿ ಕೊಡಬ್ಯಾಡ್ರಿ" ಎಂದಳು. ಹೆಂಗಸರು ಮಾತು ಬಿಟ್ಟಿರಲಿಲ್ಲ, ಅವರಿಗೆ ನಮ್ಮಷ್ಟು ಪುರಸೊತ್ತಿಲ್ಲ. ಲತಾಳಿಗೆ ಈ ಬುದ್ಧಿ ಹೇಳಿಕೊಟ್ಟವರು ಯಾರು ಎಂದು ನಾನು ಕೇಳಲಿಲ್ಲ. ಉಪ್ಪಿನಕಾಯಿ ಬಿಟ್ಟೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬಂದೆ, ಸನ್ಮಾನದ ವಿಷಯಕ್ಕೇ ಬಂದೆ.

ಒಂದು ದಿನ ಫೋನಿನಲ್ಲಿ ಕೆಂಪು ಅಕ್ಷರ ಬಂತು. ಜಾಗ ತುಂಬಿದೆ, ಇನ್ನು ಹೊಸ ಫೋಟೋ ಸೇರುವುದಿಲ್ಲ ಎಂದು. ಹೊಸದು ಸೇರದಿದ್ದರೆ ಬೀಗವೂ ಬರುವುದಿಲ್ಲವಲ್ಲ. ಶನಿವಾರ ಪಾಠ ಮುಗಿದ ಮೇಲೆ ಹಿಂದೆ ಉಳಿದು ಮಾಲವಿಕಾ ಅವರಿಗೆ ಫೋನು ಕೊಟ್ಟೆ. ಅವರು ನೋಡುತ್ತಾ ಹೋಗಿ, "ಅಂಕಲ್, ಇದರಲ್ಲಿ ಎರಡು ಮನೆ ಇದೆಯಲ್ಲ? ಇದು ಯಾರ ಪಾಪು?" ಎಂದರು. ತಮ್ಮನ ಮೊಮ್ಮಗು ಎಂದೆ. "ಬೇರೆ ಬೇರೆ ಖಾತೆ ಮಾಡಿಕೊಟ್ಟರೆ ಇಬ್ಬರಿಗೂ ಜಾಗ ಸಿಗುತ್ತೆ. ಐದು ನಿಮಿಷದ ಕೆಲಸ. ಮಾಡಿಕೊಡಲಾ?" ಎಂದರು. ಎಷ್ಟು ಸುಲಭ ನೋಡಿ. ಹಿರಿಯರಿಗೂ ಆಗದ ಪಾಲು ಐದು ನಿಮಿಷದಲ್ಲಿ ಆಗುತ್ತಿತ್ತು. ನಾನು, "ಮುಂದಿನ ಶನಿವಾರ ನೋಡೂಣ್ರಿ" ಎಂದೆ. ಮುಂದಿನ ಶನಿವಾರವೂ ಅದನ್ನೇ ಹೇಳಿದೆ. ಮೂರನೆಯ ಶನಿವಾರ ಅವರು ಕೇಳಲಿಲ್ಲ. ನನ್ನ ಮುಖ ನೋಡಿದರು, ಗಿರಿಜಮ್ಮನವರಿಗೆ ಅಕ್ಷರ ದೊಡ್ಡದು ಮಾಡುವುದನ್ನು ತೋರಿಸಲು ಹೋದರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಫೋನು ತೆರೆದರೆ ಸಂಭಾಜಿನಗರವೇ ಇಲ್ಲ. ಬದನೆಕಾಯಿ ಇಲ್ಲ, ಬೀಗ ಇಲ್ಲ, ಕೂಸು ಇಲ್ಲ. ಸಂಜೆ ಕಾದೆ, ಬೀಗ ಬರಲಿಲ್ಲ. ತಮ್ಮ ಉಳಿದ ಪಾಲನ್ನೂ ಮುಗಿಸಿದ ಅಂದುಕೊಂಡೆ. ಸಿಟ್ಟು ಬಂತು ಎಂದು ಹೇಳಬಹುದು, ಆದರೆ ಸಭೆಯ ಮುಂದೆ ಸುಳ್ಳು ಯಾಕೆ? ಅಳು ಬಂತು. ಊಟಕ್ಕೆ ಕೂರಲಿಲ್ಲ. ಚನ್ನಮ್ಮ ಒಮ್ಮೆ ಕರೆದಳು, ಆಮೇಲೆ ತಾಟು ಮುಚ್ಚಿಟ್ಟಳು.

ಶನಿವಾರ ಬಂದು, "ತಾಯಿ, ಈಗ ಬ್ಯಾರೆ ಮಾಡಿಕೊಡ್ರಿ" ಎಂದೆ. ಬೇರೆ ಯಾರಾದರೂ ಆಗಿದ್ದರೆ ಮಾಡಿಕೊಟ್ಟು ಮನೆಗೆ ಹೋಗುತ್ತಿದ್ದರು. ಮಾಲವಿಕಾ ಅವರು ಮಾಡಲಿಲ್ಲ. ಅಳಿಸಿದ್ದೆಲ್ಲ ಕೆಲವು ವಾರ ಫೋನಿನ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ ಎಂದು ಅದನ್ನು ತೆರೆದರು. ಒಂದೊಂದಾಗಿ ನೋಡಿದರು. ಆಮೇಲೆ ಹೇಳಿದರು, "ಅಂಕಲ್, ಅಳಿಸಿರೋದೆಲ್ಲ ಆ ಮನೇದೇ. ನಿಮ್ಮದು ಒಂದೂ ಮುಟ್ಟಿಲ್ಲ. ನೀವು ಮೊಸರಿನ ಪ್ಯಾಕೆಟ್ ತಾರೀಖಿನ ಫೋಟೋ ತೆಗೆದಿದ್ದೀರಲ್ಲ, ಅದು ಕೂಡ ಹಾಗೇ ಇದೆ. ಬೇರೆಯಾಗೋರು ತಮ್ಮ ಸಾಮಾನು ತಗೊಂಡು ಹೋಗ್ತಾರೆ. ಇವರು ತಮ್ಮದನ್ನ ಎಸೆದು ನಿಮಗೆ ಜಾಗ ಬಿಟ್ಟಿದ್ದಾರೆ." ಜಾಗ ತುಂಬಿದ ಸುದ್ದಿ ಅವನ ಫೋನಿಗೂ ಹೋಗಿತ್ತು ಎಂಬುದು ನನಗೆ ಆಗ ಹೊಳೆಯಿತು.

ಮನೆಗೆ ಹೋಗಿ ಚನ್ನಮ್ಮನಿಗೆ ಹೇಳಿದೆ. ಅವಳು ಕೊತ್ತಂಬರಿ ಸೋಸುತ್ತ, "ಅಣ್ಣನ ಬಿ.ಪಿ. ಫೋಟೋ ಬರೂದು ನಿಂತರ ಹೆಂಗ ಅಂತ ತನ್ನವೆಲ್ಲ ತಗದಾನಂತ. ಕೂಸಿಂದು ತಗಿಯೂ ಮುಂದ ಭಾಳ ಹೊತ್ತು ಕುಂತಿದ್ನಂತ. ಲತಾ ಅವತ್ತೇ ಹೇಳ್ಯಾಳ" ಎಂದಳು. "ಮತ್ತ ನನಗ್ಯಾಕ ಹೇಳಲಿಲ್ಲ?" ಎಂದೆ. "ನೀವು ಕೇಳಿದ್ರೇನ್ರಿ?" ಎಂದಳು.

ಅದೇ ಶನಿವಾರ ಮಾಲವಿಕಾ ಅವರು ಬುಟ್ಟಿಯಲ್ಲಿದ್ದ ಫೋಟೋಗಳನ್ನೆಲ್ಲ ಮತ್ತೆ ತಂದುಕೊಟ್ಟರು. ಅದಕ್ಕೆ ಜಾಗ ಬೇಕಲ್ಲ? ನನ್ನ ಶುಭೋದಯದ ಹೂವುಗಳನ್ನೆಲ್ಲ ಅಳಿಸಿ ಹಾಕಿಸಿದೆ. ನೀವೆಲ್ಲ ಪ್ರೀತಿಯಿಂದ ದಿನಾ ಕಳುಹಿಸಿದ ಹೂವುಗಳು. ಅಧ್ಯಕ್ಷರು ಕಳುಹಿಸಿದ ಗುಲಾಬಿಗಳೇ ಅರ್ಧ ಗೋದಾಮು ಇದ್ದವು. ತಪ್ಪು ತಿಳಿಯಬಾರದು.

ಮಾರನೆಯ ದಿನ ನಾನು ಸಂಭಾಜಿನಗರದ ಬಸ್ಸು ಹತ್ತಿದೆ. ಫೋನು ಮಾಡಲಿಲ್ಲ. ಮಾಡಿ ಏನೆಂದು ಹೇಳುವುದು? ಬಸ್ಸಿನ ಬೋರ್ಡಿನ ಫೋಟೋ ತೆಗೆದೆ. ಯೇವಲಾದಲ್ಲಿ ಚಹಾದ ಫೋಟೋ ತೆಗೆದೆ. ವೈಜಾಪುರದಲ್ಲಿ ಬಸ್ಸು ನಿಂತಾಗ ನಿಲ್ದಾಣದ ಹೆಸರಿನ ಫೋಟೋ ತೆಗೆದೆ. ಪಕ್ಕದಲ್ಲಿ ಕೂತವರು ನನ್ನನ್ನು ಮೊದಲ ಸಲ ಬಸ್ಸು ಹತ್ತಿದವನೆಂದು ತಿಳಿದಿರಬೇಕು. ಅವನು ನೋಡುತ್ತಿದ್ದಾನೋ ಇಲ್ಲವೋ, ನೋಡಿದರೂ ಬರುತ್ತಾನೋ ಇಲ್ಲವೋ, ದಾರಿಯುದ್ದಕ್ಕೂ ಅದೇ ಯೋಚನೆ. ಬರದಿದ್ದರೆ ಅದೇ ಬಸ್ಸಿಗೆ ತಿರುಗಿ ಬರುವುದು ಎಂದು ನಿಶ್ಚಯ ಮಾಡಿದ್ದೆ.

ಇಳಿದರೆ ಖಂಡಪ್ಪ ಸ್ಕೂಟರ್ ಹಿಡಿದು ನಿಂತಿದ್ದ. ಕೈಯಲ್ಲಿ ಫೋನಿತ್ತು. ಕೂದಲು ಬೆಳ್ಳಗಾಗಿತ್ತು. ಅವನು ಫೋಟೋ ತೆಗೆಯುವವನೇ ಹೊರತು ಫೋಟೋದಲ್ಲಿ ಬರುವವನಲ್ಲ, ಹಾಗಾಗಿ ನನಗೆ ಗೊತ್ತೇ ಇರಲಿಲ್ಲ. ನಾನು ಹಿರಿಯ, ನಾನೇ ಮಾತಾಡಬೇಕೆಂದು ದಾರಿಯಲ್ಲಿ ಏನೇನೋ ಜೋಡಿಸಿಕೊಂಡು ಬಂದಿದ್ದೆ. ಅದನ್ನು ಆಡುವ ಮೊದಲೇ ಅವನೇ ನನ್ನ ಚೀಲ ತೆಗೆದುಕೊಂಡು ಕೇಳಿದ, "ಚಾರ್ಜರ್ ತಂದೀರೇನ್ರಿ ಅಣ್ಣಾ?"

ಚಾರ್ಜರ್ ಆ ಚೀಲದಲ್ಲೇ ಇತ್ತು. "ಇಲ್ಲಪಾ, ಮರೆತೆ" ಎಂದೆ. "ಇರಲಿ ತಗೋರಿ, ಮನ್ಯಾಗ ಅದ. ನಾಲ್ಕು ದಿನ ಇರ್ರಿ" ಎಂದ. ಸ್ಕೂಟರಿನ ಹಿಂದೆ ಕೂತು ಅವನ ಭುಜ ಹಿಡಿದುಕೊಂಡೆ. ಮನೆ ಬಂದರೂ ಬಿಡಬೇಕೆನ್ನಿಸಲಿಲ್ಲ.

ಮಾಲವಿಕಾ ಅವರೇ, ನೀವು ಕಲಿಸಿದ ಪಾಠಗಳಿಗಾಗಿ ಬಳಗ ನಿಮಗೆ ಈ ಶಾಲು ಹೊದಿಸುತ್ತಿದೆ. ವಿಡಿಯೋ ಕರೆ ಕಲಿಸಿದಿರಿ, ರೈಲು ಟಿಕೆಟ್ ಕಲಿಸಿದಿರಿ, ಮೋಸದ ಕರೆ ಗುರುತಿಸುವುದನ್ನು ಕಲಿಸಿದಿರಿ. ಎಲ್ಲರ ಪರವಾಗಿ ಅದಕ್ಕೆಲ್ಲ ನಿಮಗೆ ಕೃತಜ್ಞತೆ. ನನ್ನ ಸ್ವಂತದ ಕೃತಜ್ಞತೆ ಬೇರೆ ಇದೆ. ಖಾತೆ ಬೇರೆ ಮಾಡುವುದು ಹೇಗೆ ಎಂಬ ಐದು ನಿಮಿಷದ ಪಾಠವನ್ನು ನೀವು ನನಗೆ ಇವತ್ತಿನವರೆಗೂ ಕಲಿಸಿಲ್ಲ. ದಯವಿಟ್ಟು ಕಲಿಸಬೇಡಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲರಿಗೂ ವಂದನೆಗಳು, ನಮಸ್ಕಾರ.