ಕಿಡಿಯಪ್ಪನ ಎಡಗಾಲಿನ ನಕ್ಷತ್ರ

ನಾನು, ವಯಸ್ಸು ಐವತ್ತು, ಕಸುಬು ಗಡಿಯಾರ ರಿಪೇರಿ, ಪೇಟೆಯಲ್ಲಿ ಎಲ್ಲರೂ ಮುಳ್ಳಣ್ಣ ಎಂದು ಕರೆಯುವವನು, ವಾಸ ಬಸ್ ನಿಲ್ದಾಣದ ಹಿಂದಿನ ಎರಡನೇ ಅಡ್ಡರಸ್ತೆ, ಮೂರನೇ ಕಟ್ಟಡದ ಮಹಡಿ ಮನೆ, ಠಾಣೆಯ ಮುಂದೆ ಹೇಳಿ ಬರೆಸುತ್ತಿರುವುದು ಏನೆಂದರೆ:

ಇದು ನನ್ನ ಎರಡನೇ ಹೇಳಿಕೆ. ಮೊದಲನೆಯದನ್ನು ಮೊನ್ನೆ ಸೋಮವಾರ ಕೊಟ್ಟಿದ್ದೆ. ಅದರಲ್ಲಿ ಬರೆಸಿದ್ದು ಸುಳ್ಳಲ್ಲ, ಆದರೆ ಅರ್ಧ. ಬಿಟ್ಟ ಅರ್ಧವನ್ನು ಸೇರಿಸಿ ಈಗ ಮೊದಲಿಂದ ಹೇಳುತ್ತಿದ್ದೇನೆ. ನನಗೆ ಮಾತು ಜಾಸ್ತಿ. ರೈಟರ್ ಸಾಹೇಬರಿಗೆ ತೊಂದರೆ ಬೇಡವೆಂದು ಇವತ್ತು ಬೆಳಿಗ್ಗೆ ಮನೆಯಲ್ಲೇ ಕೂತು ಎಲ್ಲವನ್ನೂ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ತಂದಿದ್ದೆ. ಒಟ್ಟು ಹದಿನಾಲ್ಕು ತುಣುಕು. ಎರಡು ಕೇಳಿಸಿಕೊಂಡ ಮೇಲೆ ಅವರು, "ಯಜಮಾನ್ರೇ, ಹೀಗೇ ಹೋದ್ರೆ ನಾನು ರಿಟೈರ್ ಆಗಿಬಿಡ್ತೀನಿ. ತಾರೀಖು, ಟೈಮು, ಆಗಿದ್ದೇನು, ಅಷ್ಟು ಹೇಳಿ" ಎಂದರು. ಅಷ್ಟನ್ನೇ ಹೇಳುತ್ತೇನೆ.

ಇಪ್ಪತ್ತೇಳು ವರ್ಷದಿಂದ ನಾನು ಹಳೆಯ ಕಾಲದ ಬಾಹ್ಯಾಕಾಶದ ಆಟಿಕೆಗಳನ್ನು ಕೂಡಿಸುತ್ತಿದ್ದೇನೆ. ತಗಡಿನ ರೋಬೋಗಳು, ನೆಲಕ್ಕೆ ಒತ್ತಿ ಎಳೆದು ಬಿಟ್ಟರೆ ಓಡುವ ರಾಕೆಟ್ಟುಗಳು, ಟ್ರಿಗರ್ ಒತ್ತಿದರೆ ಗರ್ರೆನ್ನುವ ಪಿಸ್ತೂಲು, ಹಾರುವ ತಟ್ಟೆ, ಮನುಷ್ಯ ಚಂದ್ರನಿಗೆ ಹೋಗುವ ಮೊದಲೇ ಚಂದ್ರನ ಮೇಲೆ ಓಡಿಸಲೆಂದು ಯಾರೋ ಊಹಿಸಿ ಮಾಡಿದ ಗಾಡಿ. ಎಲ್ಲ ಸೇರಿ ಅರವತ್ತಮೂರು. ಹತ್ತಡಿಗೆ ಹನ್ನೆರಡಡಿ ಹಾಲಿನಲ್ಲಿ ಗಾಜಿನ ಬಾಗಿಲಿನ ಬೀರುವೊಂದಿದ್ದು, ಅದರ ನಾಲ್ಕು ಅರೆಗಳಲ್ಲಿ ಇವು ಇವೆ. ಬೀರುವಿನ ಕೀ ಬೀಗದಲ್ಲೇ ನೇತಾಡುತ್ತಿರುತ್ತದೆ. ನನ್ನ ಹೆಂಡತಿ ಹೊಲಿಗೆ ಕೆಲಸ ಮಾಡುತ್ತಾಳೆ. ಅವಳ ಅಭಿಪ್ರಾಯ ಏನೆಂದರೆ, "ಮುಂದೆ ಹೀಗಾಗುತ್ತೆ ಅಂತ ಮಾಡಿದ ಬೊಂಬೆ ಅಂತೀರಿ. ಆ ಮುಂದಿನ ಕಾಲಾನೂ ಬಂದು ಹೋಯ್ತು. ನಮ್ಮನೆ ಮಿಕ್ಸಿ ಮಾತ್ರ ರಿಪೇರಿ ಆಗ್ಲಿಲ್ಲ." ಇದು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದು ರೈಟರ್ ಸಾಹೇಬರು ಹೇಳಿದರೂ ಬರೆದುಕೊಂಡಿದ್ದಾರೆ.

ನಾನು ದೂರಿನಲ್ಲಿ ಹೆಸರಿಸಿದ್ದು ನಿವೃತ್ತ ವಿಜ್ಞಾನ ಮೇಷ್ಟ್ರನ್ನು. ವಯಸ್ಸು ಅರವತ್ತಾರು. ಅವರ ಮನೆ ನನ್ನ ಮನೆಯಿಂದ ಮುನ್ನೂರೈವತ್ತು ಮೀಟರ್. ಈ ಬಡಾವಣೆಯಲ್ಲಿ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದವರು ಕಡಿಮೆ. ನಾನು ಮಾತ್ರ ಅವರ ವಿದ್ಯಾರ್ಥಿಯಲ್ಲ, ಅವರು ನನ್ನ ಅಂಗಡಿಗೆ ಗಿರಾಕಿಯಾಗಿ ಬಂದು ಪರಿಚಯವಾದವರು. ಅವರ ಬಳಿ ಇದ್ದ ಆಟಿಕೆ ಒಂದೇ ಒಂದು. ಎಂಟೂವರೆ ಇಂಚಿನ ತಗಡಿನ ರೋಬೋ. ಕೀ ಕೊಟ್ಟರೆ ನಡೆಯುತ್ತದೆ, ನಡೆಯುವಾಗ ಎದೆಯ ಕೆಂಪು ಕಿಟಕಿಯಲ್ಲಿ ಕಿಡಿ ಹಾರುತ್ತದೆ. ಅವರು ಏಳು ವರ್ಷದವರಿದ್ದಾಗ, ಹಡಗಿನಲ್ಲಿ ಕೆಲಸಕ್ಕಿದ್ದ ಅವರ ತಂದೆ ತಂದುಕೊಟ್ಟದ್ದು. ಅಂಥದೇ ಒಂದು ನನ್ನ ಬಳಿಯೂ ಇತ್ತು, ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಎರಡಕ್ಕೂ ನಾವು ಕಿಡಿಯಪ್ಪ ಎಂದೇ ಹೆಸರಿಟ್ಟಿದ್ದೆವು. ಹತ್ತಿರ ಹತ್ತಿರ ನಿಲ್ಲಿಸಿದರೆ ಯಾವುದು ಯಾರದೆಂದು ಹೇಳುವುದು ಕಷ್ಟ.

ಹನ್ನೆರಡು ವರ್ಷದ ಹಿಂದೆ, ಜೂನ್ ಒಂಬತ್ತರಂದು, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮೇಷ್ಟ್ರು ತಮ್ಮ ಕಿಡಿಯಪ್ಪನನ್ನು ನನ್ನ ಅಂಗಡಿಗೆ ತಂದರು. ಸ್ಪ್ರಿಂಗ್ ತುಂಡಾಗಿತ್ತು. "ಮುಳ್ಳು, ಇವನಿಗೆ ಕಾಲೇ ಏಳ್ತಿಲ್ಲ ಕಣೋ, ನನ್ನ ಹಾಗೇ ಆಗಿದ್ದಾನೆ" ಎಂದರು. ನಾನು ಮುಂದಿನ ವಾರ ಬನ್ನಿ ಎಂದು ಹೇಳಿ, ಬೆನ್ನಿನ ತಗಡಿನ ಕೊಕ್ಕೆಗಳನ್ನು ಎತ್ತಿ ಬಿಚ್ಚಿದೆ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ರಿಪೇರಿಗೆ ಬಂದ ಗಡಿಯಾರದ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ಒಂದು ಗುರುತು ಗೀಚುತ್ತೇವೆ. ಮತ್ತೆ ಬಂದಾಗ ಹಿಂದೆ ಏನು ಮಾಡಿದ್ದೆವೆಂದು ತಿಳಿಯಲಿಕ್ಕೆ. ಗಿರಾಕಿಗೆ ಅದು ಕಾಣುವುದಿಲ್ಲ. ಕೈ ತಾನಾಗಿಯೇ ಮಾಡುವ ಕೆಲಸ, ಬೀಡಿ ಸೇದುವವನು ಬೂದಿ ಕೊಡವಿದ ಹಾಗೆ. ಅವತ್ತೂ ಗೀಚಿದೆ.

ಅದಾದ ಮೂರನೇ ದಿನ ಸಂಗ್ರಾಹಕ ಮಿತ್ರರೊಬ್ಬರು ಹಳೆಯ ಕ್ಯಾಟಲಾಗಿನ ಒಂದು ಹಾಳೆಯ ಜೆರಾಕ್ಸ್ ಕಳಿಸಿದರು. ಈ ರೋಬೋದ ಮೊದಲ ತಯಾರಿಕೆಯವಕ್ಕೆ ಮಾತ್ರ ಎಡಪಾದದ ಅಡಿಯಲ್ಲಿ ಉಬ್ಬಿದ ಸಣ್ಣ ನಕ್ಷತ್ರ ಇರುತ್ತದೆ, ಆಮೇಲಿನವುಗಳಿಗೆ ಇಲ್ಲ ಎಂದು ಅದರಲ್ಲಿತ್ತು. ನನ್ನದನ್ನು ತಿರುಗಿಸಿ ನೋಡಿದೆ, ಇಲ್ಲ. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಮೇಷ್ಟ್ರದ್ದನ್ನು ನೋಡಿದೆ, ಇತ್ತು. ದೊಡ್ಡದೇನಲ್ಲ, ಒಂದು ಅಕ್ಕಿಕಾಳಿನಷ್ಟು. ನಾಲ್ಕು ದಿನ ಸುಮ್ಮನಿದ್ದೆ. ಐದನೇ ದಿನ ಅವರದ್ದಕ್ಕೆ ಹೊಸ ಸ್ಪ್ರಿಂಗ್ ಹಾಕಿ, ಮುಚ್ಚಿ, ನನ್ನ ಬೀರುವಿಗೆ ಸೇರಿಸಿದೆ. ನನ್ನದನ್ನು ಒರೆಸಿ, ಕಾಗದದಲ್ಲಿ ಸುತ್ತಿ ಅವರಿಗೆ ಕೊಟ್ಟೆ. ಅವರು ಅಲ್ಲೇ ಕೀ ಕೊಟ್ಟು, ಮೇಜಿನ ಮೇಲೆ ನಾಲ್ಕು ಹೆಜ್ಜೆ ನಡೆಸಿ, ಕೈಗೆತ್ತಿಕೊಂಡು ಅಡಿಮೇಲು ಮಾಡಿ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ನಡೀತಾನಲ್ಲ, ಸಾಕು" ಎಂದು ಹೇಳಿ ಚೀಲಕ್ಕೆ ಹಾಕಿಕೊಂಡರು. ಇದನ್ನು ನಾನು ಸೋಮವಾರ ಹೇಳಿರಲಿಲ್ಲ.

ಅಂದಿನಿಂದ ಈ ವಾರದವರೆಗೆ ಮೇಷ್ಟ್ರು ಪ್ರತಿ ಭಾನುವಾರ ನಾಲ್ಕು ಗಂಟೆಗೆ ನಮ್ಮ ಮನೆಗೆ ಬರುತ್ತಿದ್ದರು. ಬೀರುವಿನ ಎದುರಿನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ನಾನು ಮಾತಾಡುತ್ತಿದ್ದೆ, ಅವರು ಬೀರು ನೋಡುತ್ತಿದ್ದರು. ಇಷ್ಟೊಂದು ಸ್ನೇಹ ಈ ಕಾಲದಲ್ಲಿ ಯಾರಿಗಿದೆ ಎಂದುಕೊಳ್ಳುತ್ತಿದ್ದೆ. ಹನ್ನೆರಡು ವರ್ಷ ಆ ಬೊಂಬೆಯ ಧೂಳು ಒರೆಸಿದ್ದೇನೆ. ಅದಲು ಬದಲು ಮಾಡಿದ್ದು ಮರೆತಿತ್ತು ಎಂದು ಹೇಳಲಾರೆ. ನೆನಪಿತ್ತು ಎಂದೂ ಹೇಳಲಾರೆ.

ಈ ತಿಂಗಳ ಇಪ್ಪತ್ತರಂದು ನಗರದಲ್ಲಿ ಸಂಗ್ರಾಹಕರ ಬಳಗದ ಪ್ರದರ್ಶನವಿದೆ. ಅದಕ್ಕೆ ಹನ್ನೊಂದು ವಸ್ತು ಕಳಿಸಲು ಒಪ್ಪಿದ್ದೆ. ಪ್ರತಿಯೊಂದರ ಮುಂದೆ ಇಡುವ ಚೀಟಿಗಳು ಶನಿವಾರ ಅಚ್ಚಾಗಿ ಬಂದವು. ಕಿಡಿಯಪ್ಪನ ಚೀಟಿಯಲ್ಲಿ "ಮೊದಲ ತಯಾರಿಕೆ, ಎಡಪಾದದಲ್ಲಿ ನಕ್ಷತ್ರ" ಎಂದಿತ್ತು, ಅದರ ಕೆಳಗೆ "ಸಂಗ್ರಹ" ಎಂದು ನನ್ನ ಹೆಸರಿತ್ತು. ಹೇಗೆ ಕಾಣುತ್ತದೆ ನೋಡೋಣವೆಂದು ಬೀರುವಿನೊಳಗೇ ಅವನ ಕಾಲಬುಡದಲ್ಲಿ ನಿಲ್ಲಿಸಿದೆ.

ಭಾನುವಾರ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೇಷ್ಟ್ರು ಬಂದರು. ಚೀಟಿಯನ್ನು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಹೇಗಿದೆ ಎಂದು ನಾನು ಕೇಳಿದ್ದಕ್ಕೆ ಅಕ್ಷರ ಚೆನ್ನಾಗಿದೆ ಎಂದರು. ಬಳಿಕ ಕನ್ನಡಕ ಮರೆತು ಬಂದೆ, ತರುತ್ತೇನೆ ಎಂದು ಎದ್ದು ಹೋದರು. ಕನ್ನಡಕ ಮೂಗಿನ ಮೇಲೇ ಇತ್ತು. ವಯಸ್ಸಾಯಿತು ಪಾಪ ಎಂದುಕೊಂಡೆ. ನಾಲ್ಕು ಮೂವತ್ತೈದಕ್ಕೆ ಬಟ್ಟೆಯ ಚೀಲ ಹಿಡಿದು ವಾಪಸ್ ಬಂದರು. ನಾನು ಚಹಾ ಮಾಡಲು ಒಳಗೆ ಹೋಗಿದ್ದು ಒಂಬತ್ತು ನಿಮಿಷ. ಚಹಾ ಕುಡಿದು, ಐದು ಗಂಟೆಗೆ ಹೊರಟರು. ಮೆಟ್ಟಿಲ ಬಳಿ ಚೀಲ ಹಿಡಿದುಕೊಳ್ಳಲಾ ಎಂದೆ. ಬೇಡ, ಭಾರ ಇಲ್ಲ ಎಂದರು.

ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಪೆಟ್ಟಿಗೆಗೆ ತುಂಬುವಾಗ ಕಿಡಿಯಪ್ಪನನ್ನು ಅಡಿಮೇಲು ಮಾಡಿದೆ. ಎಡಪಾದದಲ್ಲಿ ನಕ್ಷತ್ರ ಇರಲಿಲ್ಲ. ಬಲಪಾದವನ್ನೂ ನೋಡಿದೆ. ಹನ್ನೊಂದು ಗಂಟೆಗೆ ಮೇಷ್ಟ್ರ ಮನೆಗೆ ಹೋದೆ. ಓದುವ ಮೇಜಿನ ಮೇಲೆ, ಕಿಟಕಿಯ ಬೆಳಕಿಗೆ ಮುಖ ಮಾಡಿ ಅವನು ನಿಂತಿದ್ದ. ಒಮ್ಮೆ ನೋಡಲು ಕೊಡಿ ಎಂದು ಕೇಳಿದೆ. "ನೋಡಿದ್ದು ಸಾಲದೇನೋ ನಿಂಗೆ?" ಎಂದು ಕೇಳಿ ಅವರು ಅದರ ಮೇಲೆ ಕೈಯಿಟ್ಟುಕೊಂಡು ಕೂತರು. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲಿಂದ ನೇರ ಠಾಣೆಗೆ ಬಂದೆ.

ದೂರು ಬರೆದುಕೊಳ್ಳುವಾಗ ರೈಟರ್ ಸಾಹೇಬರು ಕಳುವಾದ ವಸ್ತು ಏನೆಂದು ಕೇಳಿದರು. ರೋಬೋ ಎಂದೆ. ಅದು ಇದ್ದ ಜಾಗದಲ್ಲಿ ಈಗ ಏನಿದೆ ಎಂದರು. ರೋಬೋ ಎಂದೆ. ಅವರು ಪೆನ್ನು ಕೆಳಗಿಟ್ಟು, "ಸ್ವಾಮೀ, ಕಳ್ಳ ಕದ್ದು ಅಂಥದ್ದೇ ಒಂದು ಇಟ್ಟು ಹೋಗಿದ್ದಾನೆ ಅಂತೀರಿ. ಅಂಥ ಕಳ್ಳನ್ನ ನಮ್ಮನೆ ಕಡೆಗೂ ಸ್ವಲ್ಪ ಕಳ್ಸಿ, ಹಳೇ ಫ್ರಿಜ್ಜೊಂದಿದೆ" ಎಂದರು. ಅದು ನನ್ನದೇ ಎಂಬುದಕ್ಕೆ ಆಧಾರ ಏನೆಂದು ಕೇಳಿದಾಗ, ಬೆನ್ನು ಬಿಚ್ಚಿ ನೋಡಿ, ಒಳಗೆ ನಾನು ಸ್ವಂತ ಕೈಯಿಂದ ಗೀಚಿದ ಗುರುತಿದೆ, ಇನ್ನೊಂದರಲ್ಲಿ ಇಲ್ಲ ಎಂದು ನಾನೇ ಬರೆಸಿದೆ. ಅದೇನು ಗುರುತು ಎಂದು ನನಗೆ ನೆನಪಿರಲಿಲ್ಲ. ಗೀಚಿದ್ದು ನೆನಪಿತ್ತು.

ನಿನ್ನೆ ಮಂಗಳವಾರ ಹನ್ನೊಂದು ಕಾಲಿಗೆ ಕಾನ್‌ಸ್ಟೇಬಲ್ ಒಬ್ಬರು ಮೇಷ್ಟ್ರನ್ನು, ಅವರ ಮೇಜಿನ ಮೇಲಿದ್ದ ರೋಬೋ ಸಮೇತ, ಬೈಕಿನಲ್ಲಿ ಕರೆತಂದರು. ಆ ಕಾನ್‌ಸ್ಟೇಬಲ್ ಅವರ ಹಳೆಯ ವಿದ್ಯಾರ್ಥಿ. ಮೇಷ್ಟ್ರು ಬೆಂಚಿನ ಮೇಲೆ ಕೂತರು, ಆತ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತೇ ಇದ್ದ. "ಕೂತ್ಕೊಳೋ, ಇದು ಕ್ಲಾಸಲ್ಲ. ಇಲ್ಲಿ ತಪ್ಪು ಮಾಡಿರೋನು ನಾನಂತೆ" ಎಂದು ಅವರು ಅವನಿಗೆ ಹೇಳಿದ್ದು ನನಗೆ ಕೇಳಿಸಿತು. ನಾನು ಅವರಿಂದ ಆರಡಿ ದೂರದಲ್ಲಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಠಾಣೆಗೆ ಬಂದು ಹೋಗುವವರಲ್ಲಿ ಇಬ್ಬರು ಅವರಿಗೆ ನಮಸ್ಕಾರ ಸಾರ್ ಎಂದರು, ಆಮೇಲೆ ಬೆಂಚು ನೋಡಿ ಬೇಗ ಹೊರಗೆ ನಡೆದರು.

ಹನ್ನೊಂದು ಮುಕ್ಕಾಲಿಗೆ ಇನ್ಸ್‌ಪೆಕ್ಟರ್ ಮೇಡಂ ಎರಡೂ ರೋಬೋಗಳನ್ನು ಮೇಜಿನ ಮೇಲೆ ಇಡಿಸಿ, ಬಿಚ್ಚಲು ನನಗೇ ಹೇಳಿದರು. ಮೊದಲು ನಕ್ಷತ್ರದ್ದನ್ನು ಬಿಚ್ಚಿದೆ. ಬೆನ್ನಿನ ತಗಡನ್ನು ಅವರ ಕೈಗೆ ಕೊಟ್ಟು ಗುರುತು ಇಲ್ಲಿದೆ ಎಂದೆ. ಅವರು ಟಾರ್ಚ್ ಹಾಕಿ ಓದಿದರು: ಮೇ ೪೧೭. "ಇದೇನ್ರೀ, ಮೇ ಅಂದ್ರೆ? ತಿಂಗಳಾ?" ಎಂದು ಕೇಳಿದರು. ನಾಲ್ಕುನೂರ ಹದಿನೇಳು ರಿಜಿಸ್ಟರಿನ ನಂಬರು, ಅದರ ಹಿಂದಿನ ಅಕ್ಷರ ಗಿರಾಕಿಯದು ಎಂದು ಹೇಳಿದೆ. ರಿಜಿಸ್ಟರ್ ತರಿಸಿದರು. ಅಂಗಡಿ ಇನ್ನೂರು ಮೀಟರ್ ದೂರ, ಕಾನ್‌ಸ್ಟೇಬಲ್ ಓಡಿ ತಂದ. ನಾಲ್ಕುನೂರ ಹದಿನೇಳರ ಎದುರಿಗೆ ನನ್ನ ಅಕ್ಷರದಲ್ಲೇ "ಮೇಷ್ಟ್ರು, ಬೊಂಬೆ, ಸ್ಪ್ರಿಂಗ್ ಬದಲು" ಎಂದಿತ್ತು. ಇನ್ನೊಂದನ್ನು ಬಿಚ್ಚಿ ಎಂದರು. ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಸ್ವಂತದ್ದಕ್ಕೆ ಯಾರೂ ಗುರುತು ಗೀಚುವುದಿಲ್ಲ. ಮೇಡಂ ಎರಡು ತಗಡುಗಳನ್ನೂ ನನ್ನ ಮುಂದೆ ಇಟ್ಟು, "ನೀವೇ ಹೇಳ್ಬಿಡಿ" ಎಂದರು. ಮೇಲೆ ಜೂನ್ ತಿಂಗಳಿನದೆಂದು ಬರೆಸಿದ ಅದಲು ಬದಲನ್ನು ಆಗ ಹೇಳಿದೆ.

ಇದು ಮೊದಲೇ ಗೊತ್ತಿತ್ತೇ ಎಂದು ಮೇಡಂ ಮೇಷ್ಟ್ರನ್ನು ಕೇಳಿದರು. ತಂದುಕೊಂಡ ದಿನವೇ ಗೊತ್ತಾಗಿತ್ತು ಎಂದು ಅವರು ಹೇಳಿದರು. ಚಿಕ್ಕಂದಿನಲ್ಲಿ ಅಂಗಳದ ಹಸಿ ಮಣ್ಣಿನ ಮೇಲೆ ಅವನನ್ನು ನಡೆಸುತ್ತಿದ್ದರಂತೆ. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ನಕ್ಷತ್ರ ಬೀಳುತ್ತಿತ್ತಂತೆ. ತಂದೆ ಹಡಗಿಗೆ ಹೋದ ದಿನಗಳಲ್ಲಿ ಬಾಗಿಲಿನಿಂದ ರಸ್ತೆಯವರೆಗೂ ಹಾಗೆ ಬೀಳಿಸುತ್ತಿದ್ದರಂತೆ. ಕ್ಯಾಟಲಾಗು ನೋಡಿ ನನಗೆ ತಿಳಿದದ್ದು ಅವರಿಗೆ ಏಳನೇ ವಯಸ್ಸಿನಿಂದ ತಿಳಿದಿತ್ತು. ಹಾಗಾದರೆ ಹನ್ನೆರಡು ವರ್ಷ ಯಾಕೆ ಕೇಳಲಿಲ್ಲ ಎಂದು ಮೇಡಂ ಕೇಳಿದ್ದಕ್ಕೆ, "ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ ಅಂತ ಕಾದೆ ಕಣಮ್ಮ. ಬೀರುವಲ್ಲಿ ಇರೋವರೆಗೂ ಅವನ ಹತ್ರ ಇದೆ ಅಂತ ಅಷ್ಟೇ. ಹೆಸರು ಅಚ್ಚಾಕಿಸಿದ ಮೇಲೆ ಅವನದ್ದೇ ಆಗಿಬಿಡುತ್ತಲ್ಲ. ಅದಕ್ಕೇ ತಂದ್ಕೊಂಡೆ" ಎಂದರು. ಅವನದನ್ನು ಅವನಿಗೆ ಬಿಟ್ಟೇ ಬಂದಿದ್ದೇನೆ ಎಂದೂ ಸೇರಿಸಿದರು.

ನೀವು ಇವರ ಮೇಲೆ ದೂರು ಕೊಡುತ್ತೀರಾ ಎಂದು ಕೇಳಿದಾಗ ಬೇಡವೆಂದರು. ನಡೆದದ್ದು ನಡೆದ ಹಾಗೆ ಒಂದು ಕಾಗದದಲ್ಲಿ ಬರಲಿ, ಅಷ್ಟು ಸಾಕು ಎಂದರು. ಅದಕ್ಕಾಗಿಯೇ ಈ ಹೇಳಿಕೆ. ನನ್ನ ಮೊದಲಿನ ದೂರನ್ನು ವಾಪಸ್ ಪಡೆಯುತ್ತಿದ್ದೇನೆ.

ನಿನ್ನೆ ಹನ್ನೆರಡು ಮೂವತ್ತಕ್ಕೆ ಎರಡೂ ರೋಬೋಗಳ ಬೆನ್ನು ಮುಚ್ಚಿಕೊಟ್ಟೆ. ಕೊಕ್ಕೆ ಮಡಿಸುವಾಗ ಇಕ್ಕಳ ಜಾರಿ ಮೇಷ್ಟ್ರದ್ದರ ಬೆನ್ನಿಗೆ ಒಂದು ಗೀರು ಬಿದ್ದಿದೆ, ಉದ್ದ ಕಾಲಿಂಚು. ಅವರು ಅದರ ಮೇಲೆ ಹೆಬ್ಬೆರಳು ಆಡಿಸಿ ಚೀಲಕ್ಕೆ ಹಾಕಿಕೊಂಡರು. ಠಾಣೆಯ ಮೆಟ್ಟಿಲ ಮೇಲೆ ನಾನು, ಚೀಟಿ ನಿಮ್ಮ ಹೆಸರಿಗೆ ಅಚ್ಚು ಹಾಕಿಸಿಕೊಡುತ್ತೇನೆ ಮೇಷ್ಟ್ರೇ ಎಂದೆ. ಬೇಡ, ಮನೆಯಲ್ಲಿ ಅವನ ಗುರುತು ಎಲ್ಲರಿಗೂ ಇದೆ ಎಂದರು. ಆಮೇಲೆ, ಕೇಳಬಾರದಿತ್ತೇನೋ, ಭಾನುವಾರ ಚಹಾಕ್ಕೆ ಬರುತ್ತೀರಲ್ಲ ಎಂದು ಕೇಳಿಬಿಟ್ಟೆ. ಅವರು ನಾಲ್ಕನೇ ಮೆಟ್ಟಿಲಲ್ಲಿ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು, "ಬಂದು ಏನು ನೋಡ್ಲೋ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ಮಾತು ಜಾಸ್ತಿ ಎಂದು ಮೊದಲೇ ಬರೆಸಿದ್ದೇನೆ. ಆಗ ಇರಲಿಲ್ಲ.

ಇದನ್ನು ರೈಟರ್ ಸಾಹೇಬರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ. ಈ ಸಲ ಏನನ್ನೂ ಬಿಟ್ಟಿಲ್ಲ.

ಸ್ಥಳ: ಠಾಣೆ, ರೈಟರ್ ಕೋಣೆ
ದಿನ: ಬುಧವಾರ, ಮಧ್ಯಾಹ್ನ ಒಂದು ಗಂಟೆ ಐದು ನಿಮಿಷ

ಸಹಿ
(ಮುಳ್ಳಣ್ಣ, ಗಡಿಯಾರ ರಿಪೇರಿ)